ಏಕವಚನದ ಊರಲ್ಲಿ ಬಹುವಚನದ ಪಾಠ

ಮೂರನೇ ಕ್ಲಾಸಿನ ಕನ್ನಡ ಪಾಠ. ಮೇಷ್ಟ್ರು ಬೋರ್ಡಿನ ನಡುವೆ ಒಂದು ಗೀಟು ಎಳೆದರು. ಎಡಗಡೆ ಏಕವಚನ, ಬಲಗಡೆ ಬಹುವಚನ. ಮರ–ಮರಗಳು. ಮನೆ–ಮನೆಗಳು. ಹುಡುಗ–ಹುಡುಗರು. ಅಣ್ಣ–ಅಣ್ಣಂದಿರು. ಕೇರಿಯಿಂದ ಹೋಗುತ್ತಿದ್ದ ನಾವು ನಾಲ್ಕು ಜನ ಹಿಂದಿನ ಸಾಲಿನಲ್ಲಿ ಕೂತು ರಾಗ ಎಳೆದು ಕೂಗಿದೆವು. ಪಾಠದ ಕೊನೆಗೆ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದರು: "ಒಬ್ಬರೇ ಇದ್ದರೂ ಹಿರಿಯರಾದರೆ ಬಹುವಚನ ಹಾಕಬೇಕು. ತಂದೆ ಬಂದರು, ಗುರುಗಳು ಬಂದರು. ಇದು ಗೌರವ."

ನಮ್ಮಲ್ಲೊಬ್ಬ ಎದ್ದು ನಿಂತು ಕೇಳಿದ: "ಸಾ, ನಮ್ಮಪ್ಪಂಗೂ ಹಾಕ್ಬೇಕಾ?"

ಕ್ಲಾಸು ಗೊಳ್ಳೆಂದು ನಕ್ಕಿತು. ಯಾಕೆ ನಕ್ಕಿತು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಎಂಟು ವರ್ಷದ ಹುಡುಗ ಅವತ್ತು ಬೆಳಿಗ್ಗೆ ತಾನೇ ನಮ್ಮ ಕೇರಿಯ ಬಾಯಿಗೆ ಬಂದು ನಿಂತು, ನಮ್ಮಪ್ಪನನ್ನು "ಬಾರ್ಲಾ, ನಮ್ಮಪ್ಪ ಕರೀತಾವ್ರೆ" ಎಂದು ಕೂಗಿ ಹೋಗಿದ್ದ. ಒಂದೇ ವಾಕ್ಯ, ಅದರಲ್ಲಿ ಇಬ್ಬರು ಅಪ್ಪಂದಿರು. ಅವರಪ್ಪ 'ಕರೀತಾವ್ರೆ', ನಮ್ಮಪ್ಪ 'ಬಾರ್ಲಾ'. ವ್ಯಾಕರಣದ ಪಾಠ ನಮ್ಮೂರ ಬೀದಿಯಲ್ಲಿ ಬೆಳಿಗ್ಗೆ ಆರಕ್ಕೇ ಮುಗಿದಿತ್ತು.

ಮೇಷ್ಟ್ರು ಕೆಟ್ಟವರಲ್ಲ. ನಮ್ಮನ್ನು ಬೇರೆ ಕೂರಿಸಿದವರಲ್ಲ, ನಮ್ಮ ನೋಟುಬುಕ್ಕು ಮುಟ್ಟಲು ಹಿಂದೆಗೆದವರಲ್ಲ. ಆದರೂ ಅವತ್ತು ಅವರ ಬಾಯಿಂದ ಬಂದದ್ದು ಇಷ್ಟೇ: "ಕೂತ್ಕೊಳ್ಲಾ. ಪುಸ್ತಕದಲ್ಲಿರೋದು ಬೇರೆ, ಊರಲ್ಲಿರೋದು ಬೇರೆ." ಇವತ್ತು ನಮ್ಮ ಮನೆಗಳಿಗೆ ಬಂದ ಮೊದಲ ಡಿಗ್ರಿ ಕಾಗದವನ್ನು ಕೈಯಲ್ಲಿಟ್ಟುಕೊಂಡು ನಾವು ಆ ಮಾತಿಗೆ ಉತ್ತರ ಹೇಳಬೇಕಾಗಿದೆ. ಇಲ್ಲ ಮೇಷ್ಟ್ರೇ, ಪುಸ್ತಕ ಬೇರೆ ಊರು ಬೇರೆ ಅಲ್ಲ. 'ಹಿರಿಯರಿಗೆ ಬಹುವಚನ' ಎಂದು ಪುಸ್ತಕ ಬರೆಯಿತು. ಹಿರಿಯರು ಎಂದರೆ ಯಾರು ಎಂಬುದನ್ನು ಬರೆಯದೆ ಊರಿಗೆ ಬಿಟ್ಟುಕೊಟ್ಟಿತು. ಊರು ಆ ಖಾಲಿ ಜಾಗದಲ್ಲಿ ಜಾತಿಯನ್ನು ತುಂಬಿತು. ಇಬ್ಬರೂ ಸೇರಿ ಮಾಡಿದ ವ್ಯಾಕರಣ ಇದು.

ಗೆಳೆಯರೇ, ಪ್ರೈಮರಿ ಶಾಲೆಯ ಒಂದು ಸಣ್ಣ ವ್ಯಾಕರಣ ಪಾಠದ ಮೇಲೆ ಇಷ್ಟು ಸಿಟ್ಟು ಯಾಕೆ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ.

ಬೇರೆ ಭಾಷೆಯವರಿಗೆ ಏಕವಚನ, ಬಹುವಚನ ಅಂದರೆ ಎಣಿಕೆ. ಒಂದಾ, ಹೆಚ್ಚಾ ಎಂಬ ಲೆಕ್ಕ. ನಮ್ಮ ಕನ್ನಡದಲ್ಲಿ ಈ ಎರಡು ಶಬ್ದಗಳಿಗೆ ಇನ್ನೊಂದು ಅರ್ಥ ಇದೆ, ಅದೇ ಹೆಚ್ಚು ಬಳಕೆಯಲ್ಲಿದೆ. "ನನ್ನನ್ನ ಏಕವಚನದಲ್ಲಿ ಮಾತಾಡಿಸ್ದ" ಅಂದರೆ ಅದು ಲೆಕ್ಕದ ಮಾತಲ್ಲ, ಮಾನದ ಮಾತು. ಒಬ್ಬ ರಾಜಕಾರಣಿ ಇನ್ನೊಬ್ಬ ರಾಜಕಾರಣಿಯನ್ನು ಏಕವಚನದಲ್ಲಿ ಬೈದರೆ ಮಾರನೇ ದಿನ ಪತ್ರಿಕೆಯಲ್ಲಿ ಅದೇ ಸುದ್ದಿ. ಆಗ ಧರಣಿ, ಆಗ ಕ್ಷಮೆ ಕೇಳು ಎಂಬ ಕೂಗು. ದಿನ ಬೆಳಗಾದರೆ ನಮ್ಮ ಅಪ್ಪಂದಿರನ್ನು, ಅವ್ವಂದಿರನ್ನು, ಎಪ್ಪತ್ತು ದಾಟಿದ ಅಜ್ಜಿಯರನ್ನು ಮೀಸೆ ಮೂಡದ ಹುಡುಗರು ಏಕವಚನದಲ್ಲಿ ಕೂಗುತ್ತಾರೆ. ಅದು ಯಾವ ಪತ್ರಿಕೆಗೂ ಸುದ್ದಿಯಲ್ಲ. ಅದನ್ನು ಊರಿನ ವಾಡಿಕೆ ಎನ್ನುತ್ತಾರೆ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಜನ 1 ಕೋಟಿ 4 ಲಕ್ಷಕ್ಕೂ ಹೆಚ್ಚು. ನೂರು ಜನರಲ್ಲಿ 17 ಜನ ನಾವು. ಎಣಿಕೆಯ ವ್ಯಾಕರಣದಲ್ಲಿ ನಮಗಿಂತ ದೊಡ್ಡ ಬಹುವಚನ ಯಾವುದಿದೆ? ಆದರೆ ಬೀದಿಯ ವ್ಯಾಕರಣದಲ್ಲಿ ಕೋಟಿ ಜನವೂ ಏಕವಚನ. ಎಡಗಡೆ ಸಾಲಿನಲ್ಲಿ ನಮ್ಮನ್ನು ಕೂರಿಸಿ, ಆ ಗೀಟು ದಾಟದ ಹಾಗೆ ನೋಡಿಕೊಂಡಿದ್ದಾರೆ. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಒಬ್ಬರೇ ಮೂಲೆಯಲ್ಲಿ ಕೂರಬೇಕಾಗಿತ್ತು. ಇಡೀ ಕ್ಲಾಸು ಬಹುವಚನ, ಆ ಒಂದು ಮಗು ಏಕವಚನ. ಏಕವಚನ ಎಂಬ ಶಬ್ದದ ಅರ್ಥವನ್ನು ಆ ಗೋಣಿತಟ್ಟು ಹೇಳಿದಷ್ಟು ಚೆನ್ನಾಗಿ ಯಾವ ವ್ಯಾಕರಣ ಪಂಡಿತನೂ ಹೇಳಿಲ್ಲ.

*

ಮೊದಲು ಪಾಠದ ವಿಷಯಕ್ಕೇ ಬರೋಣ. ನಮಗೆ ಕಲಿಸಿದ ಪಾಠ ಅರ್ಧ ಸುಳ್ಳು.

ನಾವು ಮನೆಯಿಂದ ತಂದ ಕನ್ನಡದಲ್ಲಿ "ಎರಡು ಕೋಳಿ ಅವೆ", "ನಾಕು ಕುರಿ ಸತ್ತೋದೊ", "ಹತ್ತು ಮನೆ ಬಿದ್ದೋದೊ" ಅಂತ ಇತ್ತು. ಮೇಷ್ಟ್ರು ಅದರ ಮೇಲೆ ಕೆಂಪು ಗೀಟು ಹಾಕಿ "ಎರಡು ಕೋಳಿಗಳು, ನಾಲ್ಕು ಕುರಿಗಳು" ಎಂದು ತಿದ್ದಿದರು. ತಿದ್ದಿಸಿಕೊಂಡ ನಾವು ನಮ್ಮ ಅವ್ವಂದಿರಿಗೆ ಕನ್ನಡ ಬರುವುದಿಲ್ಲ ಎಂದು ನಂಬಿದೆವು. ಈಗ ಗೊತ್ತಾಗುತ್ತಿದೆ, ಕನ್ನಡ ಬರುತ್ತಿದ್ದದ್ದು ನಮ್ಮವ್ವನಿಗೇ. ಮನುಷ್ಯರಲ್ಲದ್ದನ್ನು ಎಣಿಸುವಾಗ ಎಣಿಕೆಯ ಮಾತೇ 'ಹೆಚ್ಚು' ಎಂದು ಹೇಳಿಬಿಡುತ್ತದೆ. ಆಮೇಲೆ 'ಗಳು' ಹಾಕಲೇಬೇಕು ಎಂಬ ಕಡ್ಡಾಯ ಕನ್ನಡಕ್ಕಿಲ್ಲ. ನೂರು ತೆಂಗಿನಕಾಯಿ, ಎರಡು ಎಕರೆ, ಮೂರು ಮೂಟೆ ರಾಗಿ. ಊರಿನ ಪಟೇಲನೂ ಹೀಗೇ ಮಾತಾಡುತ್ತಾನೆ, ಪೇಟೆಯ ಪಂಡಿತನೂ ಮನೆಯಲ್ಲಿ ಹೀಗೇ ಮಾತಾಡುತ್ತಾನೆ. ಮನುಷ್ಯರ ವಿಷಯ ಬಂದಾಗ ಮಾತ್ರ ಕನ್ನಡ ದಾರಿ ಬದಲಿಸುತ್ತದೆ. ಎರಡು ಹುಡುಗ ಎನ್ನುವುದಿಲ್ಲ, ಇಬ್ಬರು ಹುಡುಗರು. ಮೂರು ಹೆಂಗಸು ಎನ್ನುವುದಿಲ್ಲ, ಮೂವರು ಹೆಂಗಸರು. ಮನುಷ್ಯರನ್ನು ಎಣಿಸಲು ಬೇರೆ ಎಣಿಕೆಯನ್ನೇ ಇಟ್ಟುಕೊಂಡ ಭಾಷೆ ಇದು. ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಕಲ್ಲು ಮರ ದನಗಳಿಗೆ ಒಂದು ಎಣಿಕೆ, ಮನುಷ್ಯರಿಗೆ ಇನ್ನೊಂದು.

ಇದು ಎಷ್ಟು ದೊಡ್ಡ ಮಾತು! ಮನುಷ್ಯನನ್ನು ದನದ ಜೊತೆ ಸೇರಿಸಿ ಎಣಿಸಬೇಡ ಎಂದು ನಮ್ಮ ಭಾಷೆಯೇ ಹೇಳುತ್ತಿದೆ. ಈ ಪಾಠವನ್ನು ನಮಗೆ ಯಾರೂ ಮಾಡಲಿಲ್ಲ. ಸಂಸ್ಕೃತದಲ್ಲಿ, ಇಂಗ್ಲಿಷಿನಲ್ಲಿ ಎರಡರ ಮುಂದೆ ಒಂದರ ರೂಪ ಬರಬಾರದು. ಆ ಕಟ್ಟಳೆಯನ್ನು ತಂದು ಕನ್ನಡದ ಮಗುವಿನ ಬೆನ್ನ ಮೇಲೆ ಹೊರಿಸಿದರು. ಹಿಂದಿನಿಂದಲೂ ಹೀಗೇ ನಡೆದಿದೆ. 1604ರಲ್ಲಿ ಭಟ್ಟಾಕಳಂಕ ಕನ್ನಡಕ್ಕೆ ಬರೆದ ವ್ಯಾಕರಣದ ಸೂತ್ರಗಳು ಸಂಸ್ಕೃತದಲ್ಲಿವೆ. ಕನ್ನಡ ಆಡುವವರಿಗೆ ಓದಲು ಬಾರದ ಭಾಷೆಯಲ್ಲಿ ಕನ್ನಡಕ್ಕೆ ಕಾನೂನು! 2000ದಲ್ಲಿ ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕವನ್ನೇ ಬರೆದು, ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರೆಯಬೇಡಿ ಎಂದು ವಾದಿಸಿದರು. ಪುಸ್ತಕ ಬಂದು ಇಷ್ಟು ವರ್ಷ ಆದ ಮೇಲೂ ಗೀಟು ಎಳೆದು ಎರಡು ಸಾಲು ಮಾಡುವ ಪಾಠ ಎಷ್ಟು ಕ್ಲಾಸುಗಳಲ್ಲಿ ಹಾಗೇ ನಡೆಯುತ್ತಿದೆ, ಹೋಗಿ ನೋಡಿ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಅವರ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರು ಏಟು ತಿಂದರು. ನಾವು ಈಗ ಹೇಳುತ್ತೇವೆ: ಬೂಸಾ ಕಾವ್ಯದಲ್ಲಿ ಮಾತ್ರ ಇರಲಿಲ್ಲ, ಮೂರನೇ ಕ್ಲಾಸಿನ ವ್ಯಾಕರಣದಲ್ಲೂ ಇದೆ.

ಇನ್ನು ಧಣಿಗಳ ಲೆಕ್ಕದ ಪುಸ್ತಕಕ್ಕೆ ಬನ್ನಿ. ಅಲ್ಲಿ ಬರೆದಿರುವುದು: 'ಆಳು 5, ಎತ್ತು 2.' ಜಗಲಿಯ ಮೇಲಿಂದ ಧಣಿ ಕೇಳುತ್ತಾರೆ: "ಆಳ್ಗಳು ಬಂದ್ವಾ?" ಬಂದರಾ ಅಲ್ಲ, ಬಂದ್ವಾ. ದನಗಳು ಬಂದ್ವಾ, ಆಳ್ಗಳು ಬಂದ್ವಾ. "ಆ ಮುದುಕಿ ಬಂತು, ಅದಕ್ಕೊಂದಿಷ್ಟು ತಂಗಳು ಕೊಡಿ." ಬಂದಳು ಕೂಡ ಅಲ್ಲ, ಬಂತು. ಏಕವಚನ ಕೂಡ ಸಿಗಬೇಕಾದರೆ ಮೊದಲು ಮನುಷ್ಯ ಅನ್ನಿಸಿಕೊಳ್ಳಬೇಕು. ನಮ್ಮ ಅಜ್ಜಿಗೆ ಅದೂ ಸಿಗಲಿಲ್ಲ. ಕನ್ನಡದ ಒಂದು ಕ್ರಿಯಾಪದದ ಬಾಲ ಹಿಡಿದು ನೋಡಿ: ಬಂತು, ಬಂದ, ಬಂದರು, ದಯಮಾಡಿಸಿದರು. ಈ ನಾಲ್ಕು ಮೆಟ್ಟಿಲಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ನಮ್ಮೂರಿನ ಯಾವ ಮಗುವಿಗೂ ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ಎಂಟು ವರ್ಷದ ಮಕ್ಕಳಿಗೆ ಜಾತಿಯ ವಿಷಯ ಯಾಕೆ ಹೇಳಬೇಕು ಎಂದು ಕೇಳುವ ಮೃದು ಮನಸ್ಸಿನವರು ಇದನ್ನು ಗಮನಿಸಬೇಕು. ಎಂಟು ವರ್ಷದ ಮಗುವಿಗೆ ಈಗಾಗಲೇ ಎಲ್ಲ ಗೊತ್ತಿದೆ. ಯಾರಿಗೆ 'ಬಾ', ಯಾರಿಗೆ 'ಬನ್ನಿ' ಎಂದು ಅದು ಒಂದು ದಿನವೂ ತಪ್ಪುವುದಿಲ್ಲ. ಬೀದಿ ಕಲಿಸಿದ್ದನ್ನು ಶಾಲೆ ಮುಟ್ಟದೆ ಬಿಟ್ಟರೆ ಅದು ಬೀದಿಗೇ ಪಾಸು ಮಾರ್ಕು ಕೊಟ್ಟ ಹಾಗೆ.

*

ನಮ್ಮ ಮಾತಿಗೆ ಬರುವ ಎದುರು ಮಾತುಗಳು ನಮಗೆ ಗೊತ್ತಿವೆ.

ಒಂದು ಮಾತು: "ಹಳ್ಳಿಯಲ್ಲಿ ಏಕವಚನ ಅಂದ್ರೆ ಪ್ರೀತಿ ಕಣ್ರಯ್ಯ. ಸಲಿಗೆ." ನಿಜ, ಏಕವಚನದಲ್ಲಿ ಪ್ರೀತಿ ಇದೆ. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕೇರಿಯಲ್ಲಿ ಅವ್ವನಿಗೆ 'ನೀನು', ಅಪ್ಪನಿಗೆ 'ನೀನು', ಅಜ್ಜನಿಗೆ 'ನೀನು', ಮಾರವ್ವನಿಗೂ 'ನೀನು'. ಹನ್ನೆರಡನೇ ಶತಮಾನದ ಶರಣರು ದೇವರನ್ನೇ ನೀನು ಎಂದು ಮಾತಾಡಿಸಿದರು. ಶಾಲೆಗೆ ಸೇರಿದ ಮೊದಲ ವಾರ ನಮ್ಮ ಕೇರಿಯ ಒಂದು ಹುಡುಗಿ ಮೇಷ್ಟ್ರಿಗೆ "ಮೇಷ್ಟ್ರೇ, ನೀನು ಉಂಡಾ?" ಎಂದು ಕೇಳಿತು. ಅವ್ವನನ್ನು ಕೇಳುವ ಹಾಗೆ ಕೇಳಿತು. ಕೆನ್ನೆಗೆ ಏಟು ಬಿತ್ತು. ಆ ಮಗುವಿನ ಏಕವಚನ ಸೊಕ್ಕು, ಧಣಿಯ ಏಕವಚನ ಪ್ರೀತಿ! ಏಕವಚನ ಪ್ರೀತಿಯೇ ಆಗಿದ್ದರೆ ಅದಕ್ಕೆ ಒಂದೇ ಪರೀಕ್ಷೆ ಸಾಕು: ತಿರುಗಿ ಕೊಡಲು ಬರುತ್ತದೆಯೇ? ನೀವು ನಮ್ಮಪ್ಪನಿಗೆ 'ಬಾ' ಎಂದಾಗ ನಮ್ಮಪ್ಪ ನಿಮಗೆ 'ಬಂದೆ ಇರು' ಎನ್ನಬಹುದೇ? ಅಂದರೆ ಸಂಜೆಗೆ ಪಂಚಾಯಿತಿ ಕಟ್ಟೆ ತುಂಬುತ್ತದೆ. ಒಂದೇ ಕಡೆಯಿಂದ ಹರಿಯುವ ಪ್ರೀತಿಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ. ಅದನ್ನು ಯಜಮಾನಿಕೆ ಎನ್ನುತ್ತೇವೆ.

ಹೊರಗಿನ ದೇಶಗಳಲ್ಲೂ ಈ ಜಗಳ ನಡೆದಿದೆ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ 'ದೌ' ಎಂಬ ಏಕವಚನ ಇತ್ತು, ದೊಡ್ಡವರಿಗೆ 'ಯೂ' ಎನ್ನಬೇಕಾಗಿತ್ತು. 17ನೇ ಶತಮಾನದಲ್ಲಿ ಕ್ವೇಕರ್ ಎಂಬ ಪಂಥದವರು ಶ್ರೀಮಂತನಿಗೂ ಕೂಲಿಯವನಿಗೂ ಒಂದೇ 'ದೌ' ಎಂದು ಹಟ ಹಿಡಿದು ಬೈಗುಳ ಕೇಳಿದರು, ಏಟು ತಿಂದರು. ಫ್ರಾನ್ಸಿನ ಕ್ರಾಂತಿಕಾರಿಗಳು 1793ರ ಸುಮಾರಿಗೆ ಎಲ್ಲರಿಗೂ ಏಕವಚನವೇ ಇರಲಿ ಎಂದರು. ಅವರು ಎಲ್ಲರನ್ನೂ ಒಂದು ಏಕವಚನಕ್ಕೆ ಇಳಿಸಿ ಸಮ ಮಾಡಲು ಹೊರಟರು. ನಾವು ಎಲ್ಲರನ್ನೂ ಬಹುವಚನಕ್ಕೆ ಏರಿಸಿ ಸಮ ಮಾಡೋಣ ಎನ್ನುತ್ತೇವೆ. ಯಾಕೆಂದರೆ ನಮ್ಮ ನಾಡಿನಲ್ಲಿ ಏಕವಚನವನ್ನು ಧಣಿಗಳು ಮೈಲಿಗೆ ಮಾಡಿಟ್ಟಿದ್ದಾರೆ. ಎರಡರಲ್ಲಿ ಯಾವುದಾದರೂ ಸರಿ. ಎರಡೂ ಕಡೆಯಿಂದ ಒಂದೇ ಇರಬೇಕು ಎಂಬುದಷ್ಟೇ ನಮ್ಮ ಪಟ್ಟು.

ಇನ್ನೊಂದು ಮಾತು ನಮ್ಮವರಿಂದಲೇ ಬರುತ್ತದೆ: "ಭೂಮಿ ಕೇಳ್ರಯ್ಯ, ಕೂಲಿ ಕೇಳ್ರಯ್ಯ. ನೀವು, ನೀನು ಅಂತ ಒದ್ದಾಡಿದ್ರೆ ಹೊಟ್ಟೆ ತುಂಬ್ತದಾ?" ಭೂಮಿಯ ಪ್ರಶ್ನೆ ಮೊದಲು, ಒಪ್ಪುತ್ತೇವೆ. ಆದರೆ ಕೂಲಿಯ ಚೌಕಾಸಿ ಎಲ್ಲಿ ಶುರುವಾಗುತ್ತದೆ ಎಂದು ಯೋಚನೆ ಮಾಡಿ. "ಬಾರ್ಲಾ, ನಾಳೆ ಗದ್ದೆ ತಾವಿಕೆ" ಎಂಬ ಕರೆಯಲ್ಲೇ ಕೂಲಿ ಎಷ್ಟು ಎಂಬುದು ತೀರ್ಮಾನವಾಗಿದೆ. ಅದಕ್ಕೆ "ಆಯ್ತು ಬುದ್ದಿ" ಎನ್ನುವುದೊಂದೇ ಉತ್ತರ. ಬುದ್ದಿ ಎಂದು ಕರೆದ ಬಾಯಿಂದಲೇ "ಇಷ್ಟು ಸಾಲಲ್ಲ" ಎಂದು ಕೇಳುವುದು ಎಷ್ಟು ಕಷ್ಟ ಎಂಬುದನ್ನು ನಮ್ಮಪ್ಪನ ಪಕ್ಕ ನಿಂತು ನೋಡಿದ್ದೇವೆ. ಸಮವಾಗಿ ಮಾತಾಡಲು ಬಾಯಿಲ್ಲದವನು ಸಮವಾಗಿ ಲೆಕ್ಕ ಕೇಳಲಾರ.

ಮೂರನೇ ಮಾತು: "ಈಗೆಲ್ಲ ಕಾಲ ಬದಲಾಗಿದೆ, ಓದಿದವರಿಗೆ ಎಲ್ಲರೂ ಬನ್ನಿ ಹೋಗಿ ಅಂತಾರೆ." ಇದೇ ಎಲ್ಲಕ್ಕಿಂತ ಅಪಾಯದ ಮಾತು. ಯಾಕೆಂದರೆ ಇದು ಅರ್ಧ ನಿಜ. ಡಿಗ್ರಿ ಮುಗಿಸಿ ಊರಿಗೆ ಹೋದಾಗ ಪಟೇಲರ ಜಗಲಿಯಿಂದ "ಬನ್ನಿ ಬನ್ನಿ, ಯಾವಾಗ ಬಂದ್ರಿ?" ಎಂಬ ಮಾತು ಬಂತು. ಜೊತೆಯಲ್ಲಿ ನಮ್ಮಪ್ಪ ನಿಂತಿದ್ದರು. ಅದೇ ಬಾಯಿ, ಅದೇ ಉಸಿರಿನಲ್ಲಿ ನಮ್ಮಪ್ಪನ ಕಡೆ ತಿರುಗಿ "ಲೇ, ಹಟ್ಟೀಲಿ ಗೊಬ್ಬರ ಹಂಗೇ ಬಿದ್ದದಲ್ಲೋ" ಎಂದಿತು. ಮಗನ ಪ್ಯಾಂಟಿಗೆ ಬಹುವಚನ, ಅಪ್ಪನ ಪಂಚೆಗೆ ಏಕವಚನ. ಆ ಹೊತ್ತಿನಲ್ಲಿ ನಾವು ಏನು ಮಾಡಿದೆವು? ನಕ್ಕೆವು. ಹಲ್ಲು ಕಿರಿದು "ನೆನ್ನೆ ಬಂದೆ ಸಾರ್" ಎಂದೆವು. ಸಿಕ್ಕಿದ ಬಹುವಚನವನ್ನು ಜೇಬಿಗೆ ಹಾಕಿಕೊಂಡು ಅಪ್ಪನನ್ನು ಅಲ್ಲೇ ಬಿಟ್ಟೆವು. ಅಪ್ಪ ಮಾತ್ರ ದಾರಿಯುದ್ದ ಖುಷಿಯಿಂದ ಹೇಳಿದರು: "ನೋಡ್ದಾ, ನಿಂಗೆ ಬನ್ನಿ ಅಂದ್ರು!" ಆ ಖುಷಿಯನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಅವತ್ತಿನ ನಗುವಿಗೆ ಪ್ರಾಯಶ್ಚಿತ್ತವಾಗಿ ಈ ಬರಹ. ಒಬ್ಬೊಬ್ಬರಿಗೆ ಬಿಡಿಯಾಗಿ ಸಿಗುವ ಬಹುವಚನ ಬಹುವಚನವೇ ಅಲ್ಲ. ಅದು ಲಂಚ. ಕೇರಿಯಿಂದ ಒಬ್ಬನನ್ನು ಎತ್ತಿ ಬಲಗಡೆ ಸಾಲಿಗೆ ಹಾಕಿ, ಉಳಿದವರನ್ನು ಎಡಗಡೆಯಲ್ಲೇ ಇಟ್ಟು, ಗೀಟನ್ನು ಹಾಗೇ ಉಳಿಸಿಕೊಳ್ಳುವ ಉಪಾಯ. ಮೀಸಲಾತಿಯಲ್ಲಿ ಓದಿ ಕೆಲಸಕ್ಕೆ ಸೇರಿದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳೋಣ. ಸಭೆಯಲ್ಲಿ ಜೈಭೀಮ್ ಎನ್ನುವಾಗ ಎಲ್ಲರೂ ಸಮ. ಸಭೆ ಮುಗಿದ ಮೇಲೆ ಟೀ ತಂದ ಹುಡುಗನಿಗೆ 'ಲೋ'. ಹಾಸ್ಟೆಲಿನ ಕಕ್ಕಸು ತೊಳೆಯಲು ಬರುತ್ತಿದ್ದ ಅವ್ವನಿಗೆ ನಾವೇ 'ಬಾರಮ್ಮ, ಹೋಗಮ್ಮ' ಎಂದಿಲ್ಲವೇ? ನಮ್ಮ ಕೇರಿಯವರೂ ಪಕ್ಕದ ಕೇರಿಯವರನ್ನು, ನಮಗಿಂತ ಕೆಳಗೆ ಎಂದು ಯಾರೋ ಹೇಳಿಕೊಟ್ಟವರನ್ನು, ಅದೇ ಏಕವಚನದಲ್ಲಿ ಕರೆಯುತ್ತಿಲ್ಲವೇ? ವೇದಿಕೆಯ ಮೇಲೆ 'ಬಸವಣ್ಣನವರು' ಎಂದು ಬಾಯಿ ತುಂಬ ಹೇಳುವ ಭಾಷಣಕಾರರು ಎಷ್ಟೋ ಸಲ ಅದೇ ಉಸಿರಿನಲ್ಲಿ 'ಮಾದಾರ ಚೆನ್ನಯ್ಯ ಹೇಳಿದ' ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಮನೆಗೆ ಬಂದರೆ, ಅಪ್ಪ 'ಬಂದರು', ಅವ್ವ 'ಬಂದಳು'. ಕೂಲಿ ಮಾಡಿ ಫೀಜು ಕಟ್ಟಿದವಳು ಅವ್ವ, ಬಹುವಚನ ಅಪ್ಪನಿಗೆ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದೂ ಹೀಗೇ: 'ತಂದೆ ಕೆಲಸಕ್ಕೆ ಹೋಗುತ್ತಾರೆ. ತಾಯಿ ಅಡುಗೆ ಮಾಡುತ್ತಾಳೆ.' ಈ ಲೇಖನದಲ್ಲೇ ನಾವು ಅಪ್ಪನಿಗೆ 'ನಿಂತಿದ್ದರು' ಎಂದು ಬರೆದು, ಅವ್ವನಿಗೆ 'ಕಟ್ಟಿದವಳು' ಎಂದು ಬರೆದೆವು. ಬರೆದಾದ ಮೇಲೆ ಕಣ್ಣಿಗೆ ಬಿತ್ತು. ಅಳಿಸದೆ ಬಿಟ್ಟಿದ್ದೇವೆ, ನೀವೂ ನೋಡಲಿ ಅಂತ.

*

ಕಾನೂನು ಏನು ಹೇಳುತ್ತದೆ? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1989ರ ದೌರ್ಜನ್ಯ ತಡೆ ಕಾಯಿದೆ, 2015ರ ತಿದ್ದುಪಡಿಯ ನಂತರ, ನಾಲ್ಕು ಜನರೆದುರು ಜಾತಿ ಹೆಸರು ಹಿಡಿದು ಬೈಯುವುದನ್ನು ಬಿಡಿಸಿ ಹೇಳಿ ಅಪರಾಧ ಎಂದಿದೆ. ಆದರೆ 'ಬಾರ್ಲಾ'ದ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುತ್ತೀರಿ? ಜಾತಿ ಹೆಸರು ಎತ್ತದೆಯೇ ಜಾತಿಯನ್ನು ಹೇಳುವ ಮಾತು ಅದು. ಅಲ್ಲಿಗೆ ಪೊಲೀಸಿನವರ ಕೈ ಮುಟ್ಟುವುದಿಲ್ಲ. ಮೂರನೇ ಕ್ಲಾಸಿನ ಮೇಷ್ಟ್ರ ಕೈ ಮುಟ್ಟುತ್ತದೆ. ಆದ್ದರಿಂದಲೇ ಹಳ್ಳಿಯ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ನಿಮ್ಮನ್ನು ಉದ್ದೇಶಿಸಿ ಬರೆಯುತ್ತಿದ್ದೇವೆ. ನಿಮ್ಮಲ್ಲಿ ಅನೇಕರು ನಮ್ಮ ಹಾಗೆ ಕೇರಿಯಿಂದ ಹೋದವರೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಹಳ್ಳಿ ಶಾಲೆಯ ಮೇಷ್ಟ್ರುಗಳೇ ಕೂತು ಕಲಿಕೆಯ ಕಾರ್ಡು ಬರೆದರು. ಹಾಗಾಗಿ ಪುಸ್ತಕ ಬದಲಾಗಲಿ ಎಂದು ಕಾಯಬೇಡಿ. ಚಾಕ್‌ಪೀಸು ನಿಮ್ಮ ಕೈಯಲ್ಲಿದೆ.

ಏನು ಮಾಡಬೇಕು ಎಂದು ಕೇಳಿದರೆ ಹೇಳುತ್ತೇವೆ.

ಒಂದು: ಮಗು ಮನೆಯಿಂದ ತಂದ ಎಣಿಕೆಯಿಂದ ಪಾಠ ಶುರು ಮಾಡಿ. ನಿಮ್ಮನೇಲಿ ಎಷ್ಟು ಕೋಳಿ, ಎಷ್ಟು ಮೇಕೆ ಎಂದು ಕೇಳಿ. 'ಎರಡು ಮೇಕೆ' ಎಂದರೆ ಕೆಂಪು ಗೀಟು ಹಾಕಬೇಡಿ, ಅದು ಸರಿಯಾದ ಕನ್ನಡ. ಎಣಿಸದೆ ಹೇಳುವಾಗ 'ಮೇಕೆಗಳು' ಬರುತ್ತದೆ ಎಂದು ತೋರಿಸಿ. ನೀರು, ಹಾಲು, ರಾಗಿ ಇವನ್ನು ಹೀಗೆ ಎಣಿಸುವುದಿಲ್ಲ, ಅಳೆಯುತ್ತೇವೆ ಎಂದು ಮಗುವಿನ ಬಾಯಲ್ಲೇ ಹೇಳಿಸಿ. 'ಮೇಕೆಗೊಳು' ಎಂದು ಬರೆದ ಮಗುವಿಗೆ ಅದು ಆಡುವ ರೂಪ, ಇದು ಬರೆಯುವ ರೂಪ ಎನ್ನಿ. ತಪ್ಪು ಎನ್ನಬೇಡಿ.

ಎರಡು: ಮನುಷ್ಯರ ಎಣಿಕೆ ಬೇರೆ ಎಂಬುದನ್ನು ಗಟ್ಟಿಯಾಗಿ ಕಲಿಸಿ. ಐದು ಎತ್ತು, ಐವರು ಕೂಲಿಕಾರರು. ಎತ್ತುಗಳು ಬಂದವು, ಕೂಲಿಕಾರರು ಬಂದರು. ಹುಡುಗ–ಹುಡುಗರು, ಹುಡುಗಿ–ಹುಡುಗಿಯರು, ತಾಯಿ–ತಾಯಂದಿರು. ಈ 'ರು' ಮನುಷ್ಯರ ಗುರುತು ಎಂದು ಹೇಳಿ. 'ಆಳ್ಗಳು ಬಂದ್ವು' ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಇಲ್ಲಿ ತಪ್ಪೇನು ಎಂದು ಮಕ್ಕಳನ್ನೇ ಕೇಳಿ. ಧಣಿಯ ಮಗನೂ ಕೇರಿಯ ಮಗಳೂ ಒಟ್ಟಿಗೆ ಆ ತಪ್ಪನ್ನು ತಿದ್ದಲಿ. ಊರಿನ ಮಾತನ್ನು ಮಕ್ಕಳು ತಿದ್ದುವ ಮೊದಲ ಸಂದರ್ಭ ಅದಾಗಲಿ.

ಮೂರು: ಗೌರವದ ಬಹುವಚನ ಕಲಿಸುವಾಗ ಉದಾಹರಣೆಗೆ ಗುರುಗಳನ್ನೂ ರಾಯರನ್ನೂ ಮಾತ್ರ ಕರೆತರಬೇಡಿ. ಪೌರಕಾರ್ಮಿಕರು ಬಂದರು. ಚಪ್ಪಲಿ ಹೊಲಿಯುವವರು ಬಂದರು. ತಮಟೆಯವರು ಬಂದರು. ತಾಯಿ ಹೊಲದಿಂದ ಬಂದರು. ಈ ವಾಕ್ಯಗಳನ್ನು ಮಕ್ಕಳು ರಾಗ ಎಳೆದು ಕೂಗಲಿ. ಕನ್ನಡದಲ್ಲಿ 'ಅವನು' ಕೂಡ 'ಅವರು' ಆಗುತ್ತದೆ, 'ಅವಳು' ಕೂಡ 'ಅವರು' ಆಗುತ್ತದೆ. ಗಂಡು ಹೆಣ್ಣು ಎಂಬ ಭೇದ ಕಳಚುವ ಜಾಗ ಅದೊಂದೇ. ಅದನ್ನು ಉಪಯೋಗಿಸಿ.

ನಾಲ್ಕು: ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತಾಯಂದಿರನ್ನು ಮಕ್ಕಳು ಏನೆಂದು ಕರೆಯುತ್ತಾರೆ ಎಂದು ನಾಳೆ ಮಧ್ಯಾಹ್ನ ಕಿವಿಗೊಟ್ಟು ಕೇಳಿ. ನೀವು ಏನೆಂದು ಕರೆಯುತ್ತೀರಿ ಎಂಬುದನ್ನೂ ಕೇಳಿಕೊಳ್ಳಿ. ಆ ತಾಯಿಗೆ 'ಏ, ಸಾರು ಹಾಕೇ' ಎನ್ನುವ ಮಗು ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದರೂ ವ್ಯಾಕರಣದಲ್ಲಿ ಫೇಲು.

ಐದು: 'ನೀನು' ಎಂದ ಮಗುವಿಗೆ ಹೊಡೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯಿದೆ ಹೊಡೆತವನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಅದು ಹಾಗಿರಲಿ. ಆ ಮಗು ತನ್ನ ಅವ್ವನಿಗೆ ಕೊಡುವ ಜಾಗವನ್ನು ನಿಮಗೆ ಕೊಟ್ಟಿದೆ. ಸಾಧ್ಯವಾದರೆ ನೀವೂ ಮಗುವಿಗೆ 'ಬನ್ನಿ' ಎಂದು ನೋಡಿ. ಎಲ್ಲ ಮಕ್ಕಳಿಗೂ ಒಂದೇ ಸಮ. ಧಣಿಯ ಮಗುವಿಗೆ 'ಬಾಪ್ಪಾ', ಕೇರಿಯ ಮಗುವಿಗೆ 'ಬಾರ್ಲಾ' ಎಂಬುದು ಇವತ್ತೇ ನಿಲ್ಲಲಿ.

*

ಕೊನೆಗೆ ಒಂದು ಮಾತು, 'ನಾವು' ಎಂಬ ಶಬ್ದದ ಬಗ್ಗೆ. ಈ ಲೇಖನದ ತುಂಬ ನಾವು 'ನಾವು' ಎಂದೇ ಬರೆದಿದ್ದೇವೆ. ನಮ್ಮ ಜನ 'ನನ್ನವ್ವ' ಎನ್ನುವುದಿಲ್ಲ, 'ನಮ್ಮವ್ವ' ಎನ್ನುತ್ತಾರೆ. ಅದು ನಮಗೆ ಅಭ್ಯಾಸ. ಆದರೆ ಈ ಶಬ್ದದಲ್ಲಿ ಒಂದು ಮೋಸ ಇದೆ. ತಮಿಳಿನಲ್ಲಿ, ತೆಲುಗಿನಲ್ಲಿ 'ನಾವು' ಎನ್ನಲು ಎರಡು ಶಬ್ದಗಳಿವೆ. ಕೇಳುವವರನ್ನು ಸೇರಿಸಿಕೊಂಡ ನಾವು ಒಂದು, ಕೇಳುವವರನ್ನು ಬಿಟ್ಟ ನಾವು ಇನ್ನೊಂದು. ತೆಲುಗರ 'ಮನಮು' ಎಲ್ಲರನ್ನೂ ಸೇರಿಸುತ್ತದೆ, 'ಮೇಮು' ಎದುರಿಗಿರುವವರನ್ನು ಬಿಡುತ್ತದೆ. ಇವತ್ತಿನ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಜಾತ್ರೆಯ ವಂತಿಗೆ ಎತ್ತುವಾಗ "ನಾವೆಲ್ಲ ಒಂದೇ ಊರು" ಎಂದು ಪಟೇಲರು ಹೇಳುತ್ತಾರೆ. ಆಗ ನಾವು ಒಳಗೆ. ದೇವಸ್ಥಾನದ 'ನಮ್ಮ ದೇವರು' ಎನ್ನುವಾಗ ನಾವು ಹೊರಗೆ. ಶಬ್ದ ಒಂದೇ, ಬಾಗಿಲು ಅವರ ಕೈಯಲ್ಲಿ. ತೆರೆಯುವುದೂ ಮುಚ್ಚುವುದೂ ಅವರ ಇಷ್ಟ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಪೀಠಿಕೆಯಲ್ಲಿ ಮಾತಾಡುವವರು ಯಾರು? 'ನಾವು'. ಉತ್ತಮ ಪುರುಷ, ಬಹುವಚನ. ಆ ಪೀಠಿಕೆಯನ್ನು ಮಕ್ಕಳ ಪಠ್ಯಪುಸ್ತಕದಲ್ಲೇ ಅಚ್ಚು ಹಾಕಿದ್ದಾರೆ, ಶಾಲೆಗಳಲ್ಲಿ ಓದಿಸುತ್ತಾರೆ. ಅಲ್ಲಿರುವ 'ನಾವು' ಸೇರಿಸಿಕೊಳ್ಳುವ ನಾವೋ, ಬಿಟ್ಟುಬಿಡುವ ನಾವೋ? ಕರಡು ಸಮಿತಿಯ ಅಧ್ಯಕ್ಷರಾಗಿ ಅಂಬೇಡ್ಕರರು ಕೂತಿದ್ದರಲ್ಲ, ಗೋಣಿತಟ್ಟಿನ ಮೇಲೆ ಕೂತಿದ್ದ ಅದೇ ಮಗು! ಆ ಮಗುವನ್ನು ಬಿಟ್ಟ 'ನಾವು' ಅದಾಗಿರಲು ಸಾಧ್ಯವೇ ಇಲ್ಲ. ಬಹುವಚನದ ಪಾಠ ಮಾಡುವ ದಿನ ಮರ–ಮರಗಳು ಬರೆದಾದ ಮೇಲೆ ಆ ಒಂದು ಶಬ್ದವನ್ನು ಬೋರ್ಡಿನ ಮೇಲೆ ಬರೆಯಿರಿ. ನಾನು–ನಾವು. ಇದರಲ್ಲಿ ಯಾರ್‍ಯಾರು ಇದ್ದೀರಿ ಎಂದು ಮಕ್ಕಳನ್ನು ಕೇಳಿ. ಹಿಂದಿನ ಸಾಲಿನಿಂದ ಒಂದು ಮಗು ಎದ್ದು "ನಮ್ಮಪ್ಪನೂ ಇದಾನಾ ಸಾ?" ಎಂದು ಕೇಳಬಹುದು.

ಮೇಷ್ಟ್ರೇ, ಈ ಸಲ ಪುಸ್ತಕ ಬೇರೆ ಊರು ಬೇರೆ ಎನ್ನಬೇಡಿ. "ಇದ್ದಾರೆ" ಎನ್ನಿ. ಕ್ಲಾಸಿಗೆಲ್ಲ ಕೇಳುವ ಹಾಗೆ, ಬಹುವಚನದಲ್ಲಿ ಹೇಳಿ.